ಹೊನ್ನವ್ವ ಅಗಿದ ಅಕ್ಕಿ

ಹೊನ್ನವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅಡುಗೆಗಲ್ಲ. ಕೂಸಿನ ಬೆಳ್ಳಿ ಉಡದಾರ ಕಳುವಾಗಿತ್ತು. ೧೯೩೮ರ ಮಾತು. ಸಂಶಯ ಬಂದವರಿಗೆ ದೇವರ ಹೆಸರಿನಲ್ಲಿ ಅಕ್ಕಿ ಅಗಿಸುವುದು ಹತ್ತಿಮತ್ತೂರಿನ ಆ ಮನೆಯ ರೂಢಿ. ಉಗುಳಿದ ಅಕ್ಕಿ ಒಣಗಿದ್ದರೆ ಅವರೇ ಕಳ್ಳರು.

ಮನೆಗೆಲಸದ ಗುತ್ತೆವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

“ಆಕೀನ ತಗೊಂಡಾಳ. ಮಾರಿ ನೋಡು, ಹೆಂಗ ಬಿಳಿಚೇತಿ!” ಎಂದ ಹೊನ್ನವ್ವನ ಗಂಡ ಮಹಾಲಿಂಗಪ್ಪ.

ಪಕ್ಕದ ಮನೆಯ ಹಾಲವ್ವ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಮಾತು ಕೇಳಿ ಒಳಗೆ ಬಂದಳು.

“ಅಣ್ಣಾರ, ಅಂಜಿದ್ರ ಯಾರ ಬಾಯಾದ್ರೂ ಒಣಗ್ತೈತ್ರಿ. ನನ್ನ ತಮ್ಮ ವಿದ್ಯಾಪೀಠದಾಗ ಇದನ್ನ ಅಭ್ಯಾಸ ಮಾಡಾಕತ್ತಾನ. ಹಳೇ ಕಳವಿನ ಖಟ್ಲೆ ಕಾಗದ ತಗದು ನೋಡ್ಯಾರ. ಒಣಾ ಅಕ್ಕಿ ಉಗುಳಿದವರೊಳಗ ಎಷ್ಟೋ ಮಂದಿ ಕದ್ದೇ ಇರಲಿಲ್ಲಂತ.”

“ನಿನ್ನ ತಮ್ಮ ಕಳವು ಕಲಿಯಾಕ ಕಾಲೇಜಿಗೆ ಹೋಗ್ಯಾನೇನವಾ?”

“ಕಳ್ಳನ್ನ ಬಿಟ್ಟು ಬಡವರನ್ನ ಹಿಡಿಯೂದು ತಪ್ಪಸಾಕ ಹೋಗ್ಯಾನ್ರಿ. ಬೇಕಾದ್ರ ಮದಲ ಅಕ್ಕಾರ ಅಗೀಲಿ.”

ಹೊನ್ನವ್ವ ನಕ್ಕು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಎಲ್ಲರ ಕಣ್ಣೂ ಅವಳ ಮೇಲೆ. ಒದ್ದೆಯಾಗದಿದ್ದರೆ? ಹಾಗೆಂದುಕೊಂಡದ್ದೇ ತಡ, ನಾಲಗೆ ಅಂಗುಳಕ್ಕೆ ಅಂಟಿತು. ಅಂಗೈಗೆ ಉಗುಳಿದಳು. ಅಕ್ಕಿ ಹಿಟ್ಟಿನಂತೆ ಒಣಗಿತ್ತು.

ಮಹಾಲಿಂಗಪ್ಪ ಆ ಅಂಗೈಯನ್ನೇ ನೋಡಿದ. “ಹಂಗಾರ... ಏನ್ ಮಾಡೂದು?”

“ಉಡದಾರದ ಗುರ್ತು ಬರೀರಿ. ಕದ್ದ ಬೆಳ್ಳಿ ಕರಗೂದರೊಳಗ ಪೊಲೀಸ್ ಪಾಟೀಲರಿಗೂ ಸವಣೂರಿನ ಪತ್ತಾರರಿಗೂ ಮುಟ್ಟಿಸ್ರಿ,” ಎಂದಳು ಹಾಲವ್ವ.

“ಕೊಂಡಿ ಹತ್ರ ಒಂದು ಗೆಜ್ಜಿ ಉದುರೈತ್ರಿ,” ಎಂದಳು ಗುತ್ತೆವ್ವ, ಮೆಲ್ಲಗೆ. ಕೂಸಿಗೆ ದಿನಾ ನೀರೆರೆಯುವವಳು ಅವಳೇ.

ಐದನೆಯ ದಿನ ಆ ಗುರುತಿನಿಂದಲೇ ಸವಣೂರಿನ ಅಕ್ಕಸಾಲಿಗನೊಬ್ಬ ಉಡದಾರವನ್ನು ತಡೆದಿಟ್ಟ. ಮಾರಲು ತಂದವನು ಮಹಾಲಿಂಗಪ್ಪನ ಸೋದರತ್ತೆಯ ಮಗ, ಕಳುವಾದ ದಿನ ಹಬ್ಬಕ್ಕೆ ಬಂದು ಉಂಡು ಹೋಗಿದ್ದವ. ಮಹಾಲಿಂಗಪ್ಪ ಗುತ್ತೆವ್ವನನ್ನು ಕರೆದು, “ತಪ್ಪಾತವಾ,” ಎಂದ.

ಓದುವ ತಾಯಂದಿರೆ, ಅಂಜಿಕೆ ಸಾಕ್ಷಿಯಲ್ಲ. ಏನಾದರೂ ಕಳುವಾದರೆ ಅದರ ಗುರುತು ಬರೆಯಿಸಿ ಅಂದೇ ದೂರು ಕೊಡಿ. ಯಾರ ಬಾಯಿಗೂ ಅಕ್ಕಿ ಹಾಕಬೇಡಿ.

ಹೊನ್ನವ್ವ ಮೊರ ಎತ್ತಿಟ್ಟಳು. ಎರಡು ವರ್ಷದ ಹಿಂದೆ ಹಿತ್ತಾಳೆ ತಂಬಿಗೆ ಕಾಣದಾದಾಗ ಒಣ ಅಕ್ಕಿ ಉಗುಳಿ ಈ ಮನೆಯ ಕೆಲಸ ಕಳೆದುಕೊಂಡ ಭರಮವ್ವ ಈಗ ಹಿರೇಕೆರೂರಿನಲ್ಲಿದ್ದಾಳೆ. ಮುಂದಿನ ಸಂತೆಗೆ ಗಂಡ ಅಲ್ಲಿಗೆ ಗಾಡಿ ಕಟ್ಟಿದಾಗ ತಾನೂ ಹತ್ತಿ ಅವಳ ಮನೆಗೆ ಹೋಗಬೇಕೆಂದು ನಿರ್ಧರಿಸಿದಳು.