ದೂರು ಇಲ್ಲದ ಮನೆ

ಹಲ್ಲು ಸೆಟ್ಟು ಮಾಡುವ ಆ ವರ್ಕ್‌ಶಾಪಿನಲ್ಲಿ ಅವನಿಗೆ ಗುಮ್ಮ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರಿನ ದವಡೆಗಳ ಮೇಲೆ ಮೇಣ ಬಳಿದು, ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಊರಿನ ಎಷ್ಟೋ ಮಂದಿ ಅವನು ಕಟ್ಟಿದ ಹಲ್ಲು ತೋರಿಸಿ ನಗುತ್ತಿದ್ದರು. ಗುಮ್ಮ ಬಾಯಿ ಬಿಡುವುದು ಚಹಾ ಕುಡಿಯಲು ಮಾತ್ರ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಅಕ್ಕ ಇದ್ದಳು. ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡವಳು, ಇಳಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡಿದ್ದಳು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೂವತ್ತು ವರ್ಷ ಮೈಕಿನಲ್ಲಿ ಕೂಗಿ ನಿವೃತ್ತಳಾದವಳು. ಮೈಕು ಹೋದರೂ ಮಾತು ಹೋಗಲಿಲ್ಲ. ಹಾಲು ನೀರಾಗಿದೆ, ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ, ಮೂರು ಮಹಡಿ ಹತ್ತಿ ಮಂಡಿ ಸವೆಯಿತು, ಸೋಪು ಮೊದಲಿನ ಹಾಗೆ ನೊರೆ ಬರುವುದಿಲ್ಲ. ಅವಳ ಕೆಳಗಿನ ಹಲ್ಲು ಸೆಟ್ಟನ್ನು ತಮ್ಮನೇ ಮಾಡಿಕೊಟ್ಟಿದ್ದ. ಅದರ ಮೇಲೂ ದೂರು.

“ಊರಿನವರಿಗೆಲ್ಲ ಮುತ್ತಿನಂಥ ಹಲ್ಲು, ಅಕ್ಕಂಗೆ ಮಾತ್ರ ಕಚ್ಚೋ ಹಲ್ಲು,” ಎನ್ನುತ್ತಿದ್ದಳು. ಅವನು ಸೆಟ್ಟು ತೆಗೆದುಕೊಂಡು ಹೋಗಿ ಉಜ್ಜಿ ತರುತ್ತಿದ್ದ. ವಾರದ ಮೇಲೆ ಮತ್ತೆ ಅದೇ ರಾಗ.

ಅವನಿಗೆ ನಲವತ್ತೆರಡಾದ ವರ್ಷ ಒಂದು ದಿನ ದಂತವೈದ್ಯೆಯೊಬ್ಬಳು ವರ್ಕ್‌ಶಾಪಿಗೇ ಬಂದು, ಹಲ್ಲಿನ ಬಣ್ಣ ತಪ್ಪಾಗಿದೆ ಎಂದು ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡಳು. ತಪ್ಪು ಅವಳೇ ಬಣ್ಣ ಬರೆದು ಕಳಿಸಿದ್ದ ಚೀಟಿಯಲ್ಲಿತ್ತು. ಆ ಚೀಟಿ ಅವನ ಜೇಬಿನಲ್ಲೇ ಇತ್ತು. ಆದರೆ ಅದನ್ನು ತೆಗೆದು ತೋರಿಸಲು ಒಂದು ಮಾತು ಬೇಕಿತ್ತು, ಅದು ಬರಲಿಲ್ಲ. ಅವಳು ಹೋದ ಮೇಲೆ ಯಜಮಾನರು, “ಮಂಗಳಾರತಿ ಮಾಡಿಸ್ಕೊಳ್ಳೋಕೂ ಒಂದು ಮಿತಿ ಇರುತ್ತಪ್ಪ,” ಎಂದಷ್ಟೇ ಹೇಳಿ ಒಳಗೆ ನಡೆದರು.

ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ, ಫುಟ್‌ಪಾತಿನ ಮೇಲೆ ಹರಡಿದ್ದ ಹಳೇ ಪುಸ್ತಕಗಳಲ್ಲಿ ಒಂದನ್ನು ಕೊಂಡ. ರಕ್ಷಾಪುಟ ಹರಿದಿತ್ತು. ಒಳಗೆ, ದಿನಕ್ಕೊಂದು ಅಭ್ಯಾಸದಿಂದ ಮನುಷ್ಯ ತನ್ನನ್ನು ತಾನೇ ಹೇಗೆ ತಿದ್ದಿಕೊಳ್ಳಬಹುದು, ಅವಕಾಶಗಳು ಹೇಗೆ ಮನೆ ಬಾಗಿಲು ಹುಡುಕಿಕೊಂಡು ಬರುತ್ತವೆ ಎಂದು ಬರೆದಿತ್ತು.

ಗುಮ್ಮ ಓದಿದ್ದನ್ನು ಚಾಚೂ ತಪ್ಪದೆ ಮಾಡುವವನು. ಬೆಳಿಗ್ಗೆ ಐದಕ್ಕೆ ಏಳತೊಡಗಿದ. ಅಂದು ಮಾಡಬೇಕಾದ ಮೂರೇ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದ. ದಿನಕ್ಕೊಬ್ಬ ಅಪರಿಚಿತನ ಜೊತೆ ಮಾತಾಡಬೇಕು ಎಂದಿತ್ತು. ಬಸ್ಸಿನಲ್ಲಿ ಪಕ್ಕದವರನ್ನು ಟೈಮ್ ಕೇಳಿದ, ಕೈಯಲ್ಲಿ ತನ್ನದೇ ವಾಚಿದ್ದರೂ. ಕನ್ನಡಿಯ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು ಎಂದಿತ್ತು. ಅಲ್ಲಿ ಸಿಕ್ಕಿಬಿದ್ದ.

ಅಡುಗೆಮನೆಯಿಂದ ಅಕ್ಕ ಇಣುಕಿದಳು. “ಯಾರ ಜೊತೆನೋ ಗುಸುಗುಸು?”

ಅವನು ಕೆಂಪಾಗಿ ಪುಸ್ತಕ ತೋರಿಸಿದ. ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. ಕೈ ಒರೆಸಿಕೊಂಡು ಬಂದು ಮಂಚದ ಮೇಲೆ ಕೂತಳು.

“ಗಂಟಲಿಂದ ಮಾತಾಡ್ತಿದೀಯ. ಹೊಟ್ಟೆಯಿಂದ ಮಾತಾಡು. ಕೊನೇ ಅಕ್ಷರ ನುಂಗ್ಬೇಡ. ಅರ್ಧ ಮಾತು ಕೇಳ್ಸಿದ್ರೆ ಜನ ತಪ್ಪು ಬಸ್ ಹತ್ತಿಬಿಡ್ತಾರೆ. ಹೂಂ, ನನ್ನನ್ನ ಡಾಕ್ಟರು ಅಂದ್ಕೋ. ಬೈತೀನಿ. ಉತ್ತರ ಕೊಡು.”

ಸೊಂಟದ ಮೇಲೆ ಕೈಯಿಟ್ಟು ಅವಳು ಬೈದಳು. ಮೊದಲ ದಿನ ಅವನು ತೊದಲಿದ. ಹತ್ತನೇ ದಿನ ಚೀಟಿ ತೆಗೆದು ತೋರಿಸಿದ. ತಿಂಗಳಾಗುವಷ್ಟರಲ್ಲಿ, “ಡಾಕ್ಟ್ರೇ, ಒಂದು ನಿಮಿಷ, ನನ್ನ ಮಾತು ಮುಗೀಲಿ,” ಎಂದುಬಿಟ್ಟ. ಅಕ್ಕ ಚಪ್ಪಾಳೆ ತಟ್ಟಿ, ಆ ರಭಸಕ್ಕೆ ಸಡಿಲವಾದ ಹಲ್ಲು ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಿಕೊಂಡಳು.

ಏಳನೇ ಅಧ್ಯಾಯಕ್ಕೆ ಬಂದಾಗ ಅವನ ಮಾತು ಒಂದು ಹದಕ್ಕೆ ಬಂದಿತ್ತು. ಆ ಅಧ್ಯಾಯ ಗೊಣಗುವವರನ್ನು ಕುರಿತದ್ದು. ಸದಾ ದೂರು ಹೇಳುವವರ ಸಹವಾಸ, ತೂತು ಬಿದ್ದ ಕೊಡದಲ್ಲಿ ನೀರು ತುಂಬಿದಂತೆ. ನಿಮ್ಮ ಶಕ್ತಿಯೆಲ್ಲ ಸೋರಿಹೋಗುತ್ತದೆ ಎಂದಿತ್ತು. ಅವನು ಅದನ್ನು ಎರಡು ಸಲ ಓದಿದ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಶುರುಮಾಡಿದ್ದಳು: ಬ್ರೆಡ್ಡು ಒಣಗಿದೆ, ಕೆಳಗಿನ ಹಲ್ಲು ಎಡಗಡೆ ಒತ್ತುತ್ತಿದೆ, ರಾತ್ರಿಯಿಡೀ ನಾಯಿ ಬೊಗಳಿದೆ.

“ಅಕ್ಕ, ಬೇಜಾರು ಮಾಡ್ಕೋಬೇಡ. ಒಂದು ಮಾತು.”

“ಹೇಳು.”

“ಇನ್ಮೇಲೆ ಈ ಮನೇಲಿ ದೂರು ಬೇಡ. ಒಳ್ಳೇದೇನಿದ್ರೆ ಅದನ್ನ ಹೇಳು. ಬೆಳಿಗ್ಗೆ ಬೆಳಿಗ್ಗೆ ಇದನ್ನೆಲ್ಲ ಕೇಳಿಸ್ಕೊಂಡು ಹೋದ್ರೆ ಇಡೀ ದಿನ ತಲೆ ಭಾರ ಆಗಿರುತ್ತೆ.”

ಅವಳು ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. “ದೂರು ಬಿಟ್ರೆ ನನ್ನ ಹತ್ರ ಇನ್ನೇನಿದ್ಯೋ ಮಾತಾಡೋಕೆ?” ಎಂದು ನಕ್ಕಳು. ಅವನು ನಗಲಿಲ್ಲ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, “ಆಯ್ತು ಬಿಡು. ನೋಡೋಣ,” ಎಂದಳು.

ಅವಳೂ ಹಿಡಿದ ಹಟ ಬಿಡದವಳೇ. ಮೊದಮೊದಲು ಮಾತು ಅರ್ಧಕ್ಕೆ ತುಂಡಾಗುತ್ತಿತ್ತು. “ಆ ಹಾಲಿನವನು...” ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, “ಪಾಪ, ದಿನಾ ಬರ್ತಾನೆ,” ಎಂದು ಮುಗಿಸುತ್ತಿದ್ದಳು. ಆಮೇಲೆ, ಇವತ್ತು ಬಿಸಿಲು ಚೆನ್ನಾಗಿತ್ತು, ಬಟ್ಟೆ ಬೇಗ ಒಣಗಿತು, ಇಷ್ಟೇ. ಮನೆ ಶಾಂತವಾಯಿತು. ಅವನಿಗೆ ಹಾಯೆನಿಸಿತು. ಅಧ್ಯಾಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಂಡ.

ಹೊರಗೆ ಅವನ ದೆಸೆ ತಿರುಗಿತ್ತು. ನಿವೃತ್ತ ಮೇಷ್ಟರೊಬ್ಬರಿಗೆ ಎಲ್ಲಿ ಹಲ್ಲು ಕಟ್ಟಿಸಿದರೂ ಸರಿಬರುತ್ತಿರಲಿಲ್ಲ; ಅವರ ಕಾಟಕ್ಕೆ ಮೂವರು ವೈದ್ಯರು ಕೈ ಮುಗಿದಿದ್ದರು. ಯಜಮಾನರು ಗುಮ್ಮನನ್ನು ಕಳಿಸಿದರು. ಎದುರಿನವರ ಮಾತು ಮುಗಿಯುವವರೆಗೆ ಬಾಯಿ ತೆರೆಯಬಾರದು ಎಂದು ಪುಸ್ತಕದಲ್ಲಿತ್ತು. ಅವನು ಒಂದು ಗಂಟೆ ಕೂತು ಮೇಷ್ಟರ ದೂರು ಪೂರ್ತಿ ಕೇಳಿದ. ಎಲ್ಲಿ ನೋವು, ಯಾವಾಗ, ಏನು ತಿಂದಾಗ, ಯಾವ ಅಕ್ಷರ ಹೇಳಿದಾಗ. ಕೇಳುತ್ತ ಕೇಳುತ್ತಲೇ ಅವನಿಗೆ ದೋಷ ಗೊತ್ತಾಯಿತು. ಎರಡು ದಿನದಲ್ಲಿ ಸರಿಮಾಡಿ ತಂದ. ಮೇಷ್ಟರು ಅವನ ಕೈ ಹಿಡಿದು ಕಣ್ಣೀರು ಹಾಕಿದರು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಯಜಮಾನರು ಅವನನ್ನು ಸ್ಟೂಲಿನಿಂದ ಎಬ್ಬಿಸಿ ಕ್ಲಿನಿಕ್ಕುಗಳಿಗೆ ಕಳಿಸತೊಡಗಿದರು. ತರಾಟೆಗೆ ತೆಗೆದುಕೊಂಡಿದ್ದ ಅದೇ ವೈದ್ಯೆ ಈಗ, “ನೀವೇ ಬಂದು ಒಂದ್ಸಲ ನೋಡಿ,” ಎಂದು ಫೋನು ಮಾಡುತ್ತಿದ್ದಳು. ಅವನು ದಿನವಿಡೀ ಅಪರಿಚಿತರ ಗೊಣಗಾಟವನ್ನು ತಾಳ್ಮೆಯಿಂದ ಕೇಳಿ, ಸಂಜೆ ಸದ್ದಿಲ್ಲದ ಮನೆಗೆ ಬರುತ್ತಿದ್ದ.

ಅಕ್ಕ ಸೊರಗುತ್ತಿದ್ದಳು. ಊಟದ ಹೊತ್ತಿಗೆ ಸೆಟ್ಟನ್ನು ತೆಗೆದು ನೀರಿನ ಬಟ್ಟಲಲ್ಲಿಟ್ಟು, ಗಂಜಿ ಕುಡಿಯುತ್ತಿದ್ದಳು. “ಯಾಕಕ್ಕ?” ಎಂದು ಒಮ್ಮೆ ಕೇಳಿದ್ದ. “ಗಂಜಿ ಹಗುರ ಕಣೋ, ಹೊಟ್ಟೆಗೆ ಒಳ್ಳೇದು,” ಎಂದಳು. ಒಳ್ಳೆಯ ಮಾತಾಗಿತ್ತಲ್ಲ, ಅವನು ತಲೆಯಾಡಿಸಿ ಓದಲು ಕೂತ.

ಒಂದು ದಿನ ದಂತವೈದ್ಯ ತರಬೇತಿ ಶಾಲೆಯಿಂದ ಕರೆ ಬಂತು. ಹಲ್ಲು ಸೆಟ್ಟಿನ ಕೆಲಸದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ತಾಸು ಮಾತಾಡಬೇಕು. ಅವನು ಓಡಿಬಂದು ಅಕ್ಕನಿಗೆ ಹೇಳಿದ. ಅವಳು ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದಳು.

“ನಾನೂ ಬರ್ತೀನಿ. ಹಿಂದಿನ ಬೆಂಚಲ್ಲಿ ಕೂರ್ತೀನಿ. ಅಲ್ಲೀವರೆಗೂ ಕೇಳ್ಸುತ್ತಾ ಅಂತ ನೋಡ್ಬೇಕಲ್ಲ.”

ಅವಳು ಬಂದಳು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು. ಅವನು ಮೇಜಿನ ಹಿಂದೆ ನಿಂತು, ಪ್ಲಾಸ್ಟರಿನ ದವಡೆ ಕೈಯಲ್ಲಿ ಹಿಡಿದು, ಹೊಟ್ಟೆಯಿಂದ ಮಾತಾಡಿದ. ಒಂದು ಅಕ್ಷರವನ್ನೂ ನುಂಗಲಿಲ್ಲ.

“ಹಲ್ಲು ಕಟ್ಟಿಸ್ಕೊಂಡವರು ಗೊಣಗ್ತಾರೆ,” ಎಂದ ಕೊನೆಗೆ. “ಗೊಣಗ್ಲಿ. ಬೇಸರ ಮಾಡ್ಕೋಬೇಡಿ. ಅವರು ಸುಮ್ಮನಾದ್ರೆ ಹಲ್ಲು ಸರಿಹೋಯ್ತು ಅಂತ ತಿಳ್ಕೋಬೇಡಿ. ಸುಮ್ಮನಾದ್ರು ಅಂದ್ರೆ ಹೇಳೋದನ್ನ ಬಿಟ್ಟಿದ್ದಾರೆ ಅಂತ ಅರ್ಥ.”

ಅದನ್ನು ಹೇಳುವಾಗ ಅವನಿಗೆ ಮೇಷ್ಟರ ನೆನಪಿತ್ತು. ಬೇರೆ ಯಾರ ನೆನಪೂ ಬರಲಿಲ್ಲ.

ಜನ ಅವನ ಸುತ್ತ ನೆರೆದರು. ಆ ಗುಂಪನ್ನು ಸರಿಸಿಕೊಂಡು ಅವನು ಅಕ್ಕನನ್ನು ಶಾಲೆಯ ಹಿರಿಯ ವೈದ್ಯೆಗೆ ಪರಿಚಯಿಸಿದ. ಅಕ್ಕ ಕೈ ಜೋಡಿಸಿದಾಗ ಕರವಸ್ತ್ರ ಜಾರಿತು. ವೈದ್ಯೆಯ ಮುಖದ ನಗು ನಿಂತಿತು. ಅವಳ ಕಣ್ಣು ಅಕ್ಕನ ಎಡ ದವಡೆಯ ಮೇಲಿತ್ತು.

“ಅಮ್ಮ, ಸ್ವಲ್ಪ ಒಳಗೆ ಬರ್ತೀರಾ? ಬಾಯಿ ನೋಡ್ಬೇಕು.”

ಪಕ್ಕದ ಕೋಣೆಯ ಕುರ್ಚಿಯಲ್ಲಿ ಅಕ್ಕ ಬಾಯಿ ತೆರೆದಳು. ದೀಪದ ಬೆಳಕಿನಲ್ಲಿ ಗುಮ್ಮನೂ ಬಗ್ಗಿ ನೋಡಿದ. ತಾನು ಕಟ್ಟಿದ ಸೆಟ್ಟು ಕೂರುವ ಜಾಗದಲ್ಲೇ, ವಸಡಿನಿಂದ ನಾಲಿಗೆಯ ಬುಡದವರೆಗೆ ಹುಣ್ಣು ಹಬ್ಬಿತ್ತು. ಅಂಚು ಗಟ್ಟಿಯಾಗಿತ್ತು. ಇಷ್ಟು ವರ್ಷ ಬಾಯಿಗಳ ಅಚ್ಚು ನೋಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಎಷ್ಟು ದಿನದಿಂದ?” ಎಂದಳು ವೈದ್ಯೆ.

ಅಕ್ಕ ತಮ್ಮನ ಕಡೆ ನೋಡಿದಳು, ಹೇಳಬಹುದೇ ಎಂದು ಕೇಳುವ ಹಾಗೆ. “ಏಳೆಂಟು ತಿಂಗಳಾಯ್ತೇನೋ.”

ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಹಲ್ಲು ಒತ್ತಿದ್ದರಿಂದಲೇ ಆಯಿತೆಂದು ಹೇಳಲಾಗದು ಎಂದರು ಆಸ್ಪತ್ರೆಯ ಡಾಕ್ಟರು. ಆದರೆ ಮೊದಲ ತಿಂಗಳೇ ತೋರಿಸಿದ್ದರೆ ಮಾತೇ ಬೇರೆ ಇತ್ತು. ಈಗ ದವಡೆಯ ಒಂದು ಭಾಗ, ನಾಲಿಗೆಯ ಬಹುಪಾಲು ತೆಗೆಯಬೇಕು. ಆಮೇಲೂ ಭರವಸೆ ಕೊಡಲಾಗದು.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನಲ್ಲಿ ಅವಳ ಹಾಸಿಗೆಯ ಪಕ್ಕ ಕೂತು ಅವನು ಕೇಳಿದ: “ನಂಗೆ ಯಾಕಕ್ಕ ಹೇಳ್ಲಿಲ್ಲ?”

“ಎರಡು ಸಲ ಹೇಳೋಣ ಅಂತ ಬಂದೆ. ಒಂದ್ಸಲ ನೀನು ಕನ್ನಡಿ ಮುಂದೆ ನಿಂತಿದ್ದೆ. ಇನ್ನೊಂದ್ಸಲ ಆ ಮೇಷ್ಟ್ರ ಕಥೆ ಹೇಳ್ತಿದ್ದೆ. ಎಷ್ಟು ಚೆನ್ನಾಗಿ ಹೇಳ್ತಿದ್ದೆ ಗೊತ್ತಾ! ನಾಲ್ಕು ವರ್ಷದ ಮಗು ಅಮ್ಮ ಹೋದ ದಿನ ಬಾಯಿ ಮುಚ್ಚಿದ್ದು, ಈಗ ತೆಗೆದಿದೆ. ಅದಕ್ಕೆ ನಾನು ಅಡ್ಡ ಬರೋದಾ ಅನ್ನಿಸ್ತು.”

“ತಪ್ಪು ನಂದು.”

“ನಿಂದಲ್ಲ ಅಂದ್ರೆ ಸುಳ್ಳಾಗುತ್ತೆ ಕಣೋ. ಅರ್ಧ ನಿಂದು. ಇನ್ನರ್ಧ ನಂದು. ದೂರು ಹೇಳ್ದೆ ನಾನೂ ಇರಬಲ್ಲೆ ಅಂತ ತೋರಿಸ್ಬೇಕಿತ್ತು ನಂಗೆ. ಜಂಭ.” ಆಮೇಲೆ ಅವನ ತಲೆಯ ಮೇಲೆ ಕೈಯಾಡಿಸಿದಳು. “ಅಳ್ಬೇಡ. ನಾಳೆಯಿಂದ ನಿಂಗೆ ನಾನೇ ಗುಮ್ಮ.”

ಅದು ಅವನು ಕೇಳಿದ ಅವಳ ಕೊನೆಯ ತಮಾಷೆ. ಮಾರನೆಯ ದಿನದಿಂದ ಅವಳಿಗೆ ಮಾತಿರಲಿಲ್ಲ.

ಗುಮ್ಮ ಕೆಲಸಕ್ಕೆ ರಜೆ ಹಾಕಿದ. ಮಕ್ಕಳ ಸ್ಲೇಟೊಂದು ತಂದುಕೊಟ್ಟು, “ಅಕ್ಕ, ಗೊಣಗು. ಏನಿದ್ರೂ ಬರಿ. ಕೇಳ್ತೀನಿ,” ಎಂದ. ಮೊದಲ ವಾರ ಅವಳು ಬರೆದದ್ದು ‘ಚೆನ್ನಾಗಿದೀನಿ’ ಎಂದು ಮಾತ್ರ. ಅವನು ಅಳಿಸಿ ಮತ್ತೆ ಕೈಗೆ ಕೊಡುತ್ತಿದ್ದ. ಎಂಟನೇ ದಿನ ಬರೆದಳು: ‘ಗಂಜಿ ತಣ್ಣಗಿತ್ತು.’ ಅವನಿಗೆ ಹಬ್ಬವಾದಂತಾಯಿತು. ಓಡಿಹೋಗಿ ಬಿಸಿ ಮಾಡಿಸಿ ತಂದ. ಕೊಳವೆಯಿಂದ ಹೊಟ್ಟೆಗಿಳಿಯುವ ಗಂಜಿ ಬಿಸಿಯೋ ತಣ್ಣಗೋ ಅವಳಿಗೆ ಹೇಗೆ ತಿಳಿಯಿತೆಂದು ಅವನಿಗೆ ಆಮೇಲೆ ಹೊಳೆಯಿತು. ಬಹುಶಃ ಅವನಿಗಾಗಿಯೇ ಬರೆದಿದ್ದಳು.

ಮನೆಗೆ ಕರೆತಂದ ಮೇಲೆ ದಿನಕ್ಕೆ ಐದಾರು ದೂರು ಬರುತ್ತಿದ್ದವು. ದಿಂಬು ಗಟ್ಟಿ. ಗಡಿಯಾರ ಮೂರು ನಿಮಿಷ ಮುಂದಿದೆ. ನಿನ್ನ ಅಂಗಿ ಕಾಲರು ಕೊಳೆ. ಅವನು ಒಂದೊಂದನ್ನೂ ಸರಿಮಾಡಿದ. ಆದರೆ ಮೂರನೇ ತಿಂಗಳು ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಅದನ್ನು ಅವಳು ತಾನೇ ಅವನ ಬೆರಳು ಹಿಡಿದು ಮುಟ್ಟಿಸಿ ತೋರಿಸಿದಳು. ಈ ಸಲ ಬಚ್ಚಿಡಲಿಲ್ಲ. ಡಾಕ್ಟರು, ಮನೆಯಲ್ಲೇ ಇರಲಿ ಎಂದರು.

ಒಂದು ಮಧ್ಯಾಹ್ನ ಅವಳು ಸ್ಲೇಟು ಎತ್ತಿದಳು. ಅಕ್ಷರ ಸೊಟ್ಟಗಿತ್ತು: ‘ಬಿಸಿಲು ಕಣ್ಣಿಗೆ.’ ಅವನು ಸ್ಟೂಲು ಹತ್ತಿ ಪರದೆಯ ಕೊಂಡಿಗಳನ್ನು ಒಂದೊಂದಾಗಿ ಸರಿಸಿದ. “ಸಾಕಾ ಅಕ್ಕ? ಇನ್ನೂ ಎಳೀಲಾ?” ಎಂದು ತಿರುಗಿದ. ಮುಖದ ಮೇಲೆ ನೆರಳು ಬಿದ್ದಿತ್ತು. ಅವಳ ಎದೆ ಏಳುತ್ತಿರಲಿಲ್ಲ. ಅವನು ಇಳಿಯುವುದನ್ನು ಮರೆತು, ಪರದೆ ಹಿಡಿದುಕೊಂಡು, ಎಷ್ಟೋ ಹೊತ್ತು ಸ್ಟೂಲಿನ ಮೇಲೆಯೇ ನಿಂತಿದ್ದ.

ತಿಂಗಳ ಮೇಲೆ ತರಬೇತಿ ಶಾಲೆಯ ಪತ್ರ ಬಂತು. ಕಾಯಂ ಬೋಧಕನ ಹುದ್ದೆ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅವಕಾಶ ಬಾಗಿಲು ಹುಡುಕಿಕೊಂಡೇ ಬಂದಿತ್ತು. ಬೇಡವೆನ್ನಲು ಯಜಮಾನರ ಬಳಿ ಹೋದ. ಅವರು ಕೇಳಿಸಿಕೊಂಡು, “ಬೇಡ ಅನ್ನೋದಾದ್ರೆ ಅನ್ನು. ಆದ್ರೆ ನಿಮ್ಮಕ್ಕ ಒಂದಿನ ಇಲ್ಲಿಗೆ ಬಂದಿದ್ರು, ನೀನು ಹೊರಗೆ ಹೋಗಿದ್ದಾಗ. ಗುಮ್ಮ ಅಂತ ಇನ್ಮೇಲೆ ಯಾರೂ ಕರೀಬೇಡಿ ಅಂತ ಜೋರು ಮಾಡಿ ಹೋದ್ರು. ನಾವು ನಗ್ತಾ ಸುಮ್ಮನಾದ್ವಿ,” ಎಂದರು.

ಅವನು ಹುದ್ದೆ ಒಪ್ಪಿಕೊಂಡ. ಚೆನ್ನಾಗಿಯೇ ಕಲಿಸುತ್ತಾನೆ; ಹಿಂದಿನ ಬೆಂಚಿಗೂ ಕೇಳಿಸುತ್ತದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೆಲವರು, “ಸಾರ್, ಇಷ್ಟು ಚೆನ್ನಾಗಿ ಮಾತಾಡೋದು ಎಲ್ಲಿ ಕಲಿತ್ರಿ?” ಎಂದು ಕೇಳುತ್ತಾರೆ.

“ನಮ್ಮಕ್ಕ ಕಲಿಸಿದ್ದು,” ಎನ್ನುತ್ತಾನೆ. ಮುಂದಕ್ಕೆ ಇನ್ನೇನೋ ಹೇಳಬೇಕೆಂದು ಬಾಯಿ ತೆರೆಯುತ್ತಾನೆ. ಹೇಳಲಾಗದೆ, ಉಗುರಿಗಂಟಿದ ಮೇಣವನ್ನು ಕೆರೆಯುತ್ತಾ ನಿಲ್ಲುತ್ತಾನೆ. ಅವರು ಕಾದು ನೋಡಿ, ಸದ್ದಾಗದಂತೆ ಹೊರಗೆ ಹೋಗುತ್ತಾರೆ.