ನಾಕು ಮುಗದು ಐದರಾಗ

ಮಕ್ಕಳ ವಯಸ್ಸು ಇಳಿಸುವುದರಲ್ಲಿ ಮೋರಟಗಿಯ ರಾಮವ್ವನನ್ನು ಮೀರಿಸುವವರು ಸಿಂದಗಿ ತಾಲೂಕಿನಲ್ಲೇ ಯಾರೂ ಇರಲಿಲ್ಲ. ಅತ್ತೆಯ ಎಷ್ಟೋ ಗುಣಗಳನ್ನು ಒಪ್ಪದ ಸೊಸೆ ಸುನೀತಾ ಕೂಡ ಇದೊಂದನ್ನು ಒಪ್ಪಿಕೊಂಡಿದ್ದಳು. ಸುನೀತಾಳ ಗಂಡ ಸಿದ್ಧರಾಮ ಮೀಸೆ ಮೂಡುವ ತನಕ ಅರ್ಧ ಟಿಕೀಟಿನಲ್ಲೇ ಓಡಾಡಿದವನು ಎಂದು ಊರವರು ಈಗಲೂ ನಗೆಯಾಡುತ್ತಿದ್ದರು. ಅದು ಸ್ವಲ್ಪ ಹೆಚ್ಚಾಯಿತು. ಆದರೆ ಸ್ವಲ್ಪವೇ.

ಅವಳದು ಬಾಯಿಗೆ ಬಂದ ಸುಳ್ಳಲ್ಲ, ಪಳಗಿದ ವಿದ್ಯೆ. ಕಂಡಕ್ಟರ್ ಟಿಕೀಟು ಕೊಡುತ್ತಾ ಹತ್ತಿರ ಬರುವುದರೊಳಗೆ ಮಗು ತೊಡೆಯ ಮೇಲಿರಬೇಕು, ಕಾಲು ಮಡಚಿರಬೇಕು, ಸೆರಗು ಮೊಣಕಾಲು ಮುಚ್ಚಿರಬೇಕು. ವಯಸ್ಸು ಕೇಳಿದರೆ ಬರೀ ‘ಐದು’ ಅನ್ನಬಾರದು, ಯಾರೂ ನಂಬುವುದಿಲ್ಲ. “ನಾಕು ಮುಗದು ಐದರಾಗ ಬಿದ್ದಾವ್ರಿ” ಅನ್ನಬೇಕು. ಹಾಗೆ ಮುರಿದು ಹೇಳಿದರೆ ಲೆಕ್ಕ ಇಟ್ಟವಳ ಮಾತು ಅನಿಸುತ್ತದೆ. ಕಂಡಕ್ಟರ್ ಮಗುವನ್ನೇ ಪುಸಲಾಯಿಸಿ ಕೇಳಿದರೆ ಮಗುವೂ ಅದನ್ನೇ ಹೇಳಬೇಕು, ಅದೂ ತುಟಿ ಹೆಚ್ಚು ತೆರೆಯದೆ. ಅವರದು ತಲೆತಲಾಂತರದಿಂದ ಕುರಿ ಸಾಕಿದ ಮನೆ. ಸಂತೆಯಲ್ಲಿ ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿಯೇ ವಯಸ್ಸು ಹಿಡಿಯುತ್ತಾರೆ. ಮಕ್ಕಳದ್ದೂ ಅಷ್ಟೇ, ಹಾಲುಹಲ್ಲು ಬಿದ್ದ ಸಂದಿ ಕಂಡರೆ ಆಟ ಮುಗಿಯಿತು ಎಂದು ರಾಮವ್ವನಿಗೆ ಗೊತ್ತಿತ್ತು.

ಇಂಥ ವಿದ್ಯೆಗೆ ಸರ್ಕಾರವೇ ಕಲ್ಲು ಹಾಕಿತು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾಯಿತು, ಮೊಮ್ಮಗಳು ಭಾಗ್ಯಾ ಹೆಣ್ಣು. ಕಂಡಕ್ಟರ್ ಏನೂ ಕೇಳದೆ ಇಬ್ಬರಿಗೂ ಸೊನ್ನೆ ಟಿಕೀಟು ಕೊಟ್ಟು ಮುಂದೆ ಹೋಗುತ್ತಿದ್ದ. “ಮಾತಿಲ್ಲ ಕತಿಯಿಲ್ಲ, ಇದೂ ಒಂದು ಪ್ರಯಾಣ ಏನ” ಎಂದು ರಾಮವ್ವ ಕಿಟಕಿಯ ಕಡೆ ಮುಖ ಮಾಡಿ ಗೊಣಗುತ್ತಿದ್ದಳು.

ದಸರಾ ರಜೆಯಲ್ಲಿ ಆ ವಿದ್ಯೆಗೆ ಮತ್ತೆ ಕೆಲಸ ಬಂತು.

ಮನಗೂಳಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಹೊಸ ಪಾರ್ಕು ಎದ್ದಿತ್ತು. ಜಾರುವ ನೀರು, ತಿರುಗುವ ಕುರ್ಚಿ, ಉಳಿಯಲು ಕೋಣೆ, ಎಲ್ಲಾ ಇತ್ತು. ಎರಡು ದಿನ ಅಲ್ಲಿ ಇದ್ದು ಬರೋಣ ಎಂದು ಸಿದ್ಧರಾಮ ಹೇಳಿದಾಗಿನಿಂದ ಭಾಗ್ಯಾಳ ಬಾಯಲ್ಲಿ ಒಂದೇ ಮಾತು. ಅಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ಕೆಂಪು ರೈಲು ಇದೆಯಂತೆ, ಐದು ವರ್ಷ ತುಂಬಿದವರನ್ನು ಮಾತ್ರ ಹತ್ತಿಸುತ್ತಾರಂತೆ. ಶಾಲೆಯ ಗೆಳತಿ ಹೋಗಿಬಂದು ಹೇಳಿದ್ದಳು.

“ನನಗ ಏಳು ಅದಾವಲ್ಲ. ನನ್ನ ಹತ್ತಿಸ್ತಾರ” ಎಂದು ಭಾಗ್ಯಾ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ.

ಈ ಏಳು ಅವಳಿಗೆ ಎಷ್ಟು ದೊಡ್ಡದು ಎಂಬುದು ಸುನೀತಾಳಿಗೆ ಗೊತ್ತಿತ್ತು. ಹುಡುಗಿ ಕುಳ್ಳಿ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ. ಹೊಸದಾಗಿ ಬಂದ ಟೀಚರು ಅವಳ ರಟ್ಟೆ ಹಿಡಿದು, ಅಂಗನವಾಡಿಯ ಕೂಸು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ್ದರು. ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಭಾಗ್ಯಾ ಯಾರೂ ಕೇಳದಿದ್ದರೂ ವಯಸ್ಸು ಹೇಳತೊಡಗಿದಳು. ಬಳೆಗಾರ್ತಿ ಶೇವಂತೆವ್ವನಿಗೆ, ಕುರಿಗೆ ಸೂಜಿ ಹಾಕಲು ಬಂದ ಡಾಕ್ಟರಿಗೆ, ದಾರಿ ಕೇಳಿದ ಲಾರಿ ಡ್ರೈವರಿಗೆ, ಎಲ್ಲರಿಗೂ: “ನಾ ಕಾಣಾಕ ಸಣ್ಣಾಕಿ ರೀ. ಏಳು ಅದಾವ ನನಗ.”

ಪಾರ್ಕಿನ ಬಾಗಿಲಲ್ಲಿ ಸಿದ್ಧರಾಮ ಇವರನ್ನು ಇಳಿಸಿ, ಸುನೀತಾಳ ಕೈಗೆ ಹಣ ಕೊಡು ಎಂದು ತಾಯಿಗೆ ಹೇಳಿ, ಗಾಡಿ ನಿಲ್ಲಿಸಿ ಚೀಲಗಳನ್ನು ಕೋಣೆಗೆ ಸೇರಿಸಿ ಅಲ್ಲೇ ದಣಿವಾರಿಸಿಕೊಳ್ಳಲು ಹೋದ. ಮನೆಯ ಹಣ ಯಾವತ್ತೂ ರಾಮವ್ವನ ಸೊಂಟದ ಸಂಚಿಯಲ್ಲಿ ಇರುತ್ತಿತ್ತು, ಈಗಲೂ ಅಲ್ಲೇ ಉಳಿಯಿತು.

“ಆ ಬೋರ್ಡಿನ್ಯಾಗ ಏನ್ ಬರದಾರ, ಓದ ನೋಡೂಣು” ಎಂದಳು ರಾಮವ್ವ.

ಸುನೀತಾ ಓದಿದಳು. ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಐದರಿಂದ ಹನ್ನೆರಡರವರೆಗೆ ಅರ್ಧ. ಓದುತ್ತಲೇ ಅವಳಿಗೆ ತಪ್ಪು ಮಾಡಿದೆ ಅನಿಸಿತು. ಅತ್ತೆಯ ಕಣ್ಣು ಹಬ್ಬದ ಹಣತೆಯ ಹಾಗೆ ಹೊತ್ತಿಕೊಂಡಿದ್ದವು.

“ಅತ್ತಿ, ಬ್ಯಾಡ್ರಿ.”

“ನೀ ಸುಮ್ಮ ನಿಂದರು.”

ನೋಡನೋಡುತ್ತ ಭಾಗ್ಯಾ ಅಜ್ಜಿಯ ಕಂಕುಳಿಗೆ ಏರಿದ್ದಳು. ಚಪ್ಪಲಿ ಕಳಚಿ ಸುನೀತಾಳ ಕೈಸೇರಿದ್ದವು, ಇಳಕಲ್ ಸೀರೆಯ ಸೆರಗು ಹುಡುಗಿಯ ಕಾಲು ಮುಚ್ಚಿತ್ತು. ಅರವತ್ತು ದಾಟಿದ ಹೆಂಗಸು ಏಳು ವರ್ಷದ ಹುಡುಗಿಯನ್ನು ಹತ್ತಿಯ ಅರಳೆ ಎತ್ತಿದಂತೆ ಎತ್ತಿಕೊಂಡು, ಉಸಿರು ಬಿಗಿಹಿಡಿದದ್ದೂ ಗೊತ್ತಾಗದಂತೆ ನಗುತ್ತಾ ಕೌಂಟರಿಗೆ ನಡೆದಳು. ಸಿಟ್ಟು ಬಂದಿದ್ದರೂ ಸುನೀತಾ ಮನಸ್ಸಿನಲ್ಲೇ ಭಲೇ ಅಂದುಕೊಂಡಳು.

“ಆಯಿ, ನನಗ ಏಳು—” ಎಂದು ಭಾಗ್ಯಾ ಅಜ್ಜಿಯ ಕಿವಿಯಲ್ಲಿ ಅಂದಳು.

“ಬಾಯಿ ಮುಚ್ಚ ನನ್ನವ್ವ. ಯಾರ ಕೇಳಿದ್ರೂ ಒಂದ ಮಾತು. ಎಷ್ಟ ಪುಸಲಾಯಿಸಿದ್ರೂ, ನಾ ಬಾಜೂಕ ಇರ್ಲಿ ಬಿಡ್ಲಿ, ಅದ ಮಾತು. ಇಲ್ಲಂದ್ರ ಇಷ್ಟ ಮಂದ್ಯಾಗ ನಿಮ್ಮಾಯಿ ಸುಳ್ಳಿ ಆಗ್ತಾಳ.”

ಕೌಂಟರಿನಲ್ಲಿ ಯಾಸ್ಮಿನ ಎಂದು ಎದೆಗೆ ಹೆಸರು ಸಿಕ್ಕಿಸಿಕೊಂಡಿದ್ದ ಹುಡುಗಿ ಕುಳಿತಿದ್ದಳು. ಪಾಪುವಿನ ವಯಸ್ಸು ಕೇಳಿದಳು. ರಾಮವ್ವ ಹೇಳಿದಳು: “ನಾಕು ಮುಗದು ಐದರಾಗ ಬಿದ್ದಾವ್ರಿ. ಶ್ರಾವಣದಾಗ ಹುಟ್ಟಿದಾಕಿ.” ಶ್ರಾವಣ ಅಲ್ಲೇ ಹುಟ್ಟಿದ ಹೊಸ ಸೇರ್ಪಡೆ. ಯಾಸ್ಮಿನ ಸುನೀತಾಳ ಮುಖ ನೋಡಿದಳು. ಸುನೀತಾ ಕೈಯಲ್ಲಿದ್ದ ಚಪ್ಪಲಿ ನೋಡುತ್ತಾ ನಿಂತಳು. ಭಾಗ್ಯಾಳ ಮುಂಗೈಗೆ ಹಳದಿ ಕಾಗದದ ಪಟ್ಟಿ ಬಿತ್ತು, ದೊಡ್ಡವರಿಬ್ಬರಿಗೆ ಕೆಂಪು.

ಕೆಂಪು ರೈಲಿನ ಮೆಟ್ಟಿಲ ಬಳಿ ನಿಂತ ಹುಡುಗ ಒಳ್ಳೆಯವನೇ. ಹಳದಿ ಪಟ್ಟಿ ನೋಡಿ, “ಸಣ್ಣ ಕೂಸುಗಳನ್ನ ಹತ್ತಿಸೂದಿಲ್ರಿ. ಅರ್ಧ ಟಿಕೀಟಿನ ಹಸಿರು ಪಟ್ಟಿ ಬೇಕು, ಅದೂ ಜೊತಿಗೆ ದೊಡ್ಡವರು ಕುಂದರಬೇಕು. ಪಾಪುಗ ಆ ಕಡೆ ಆಡಾಕ ಐತಿ ನೋಡ್ರಿ” ಎಂದು ಮೆತ್ತಗೆ ಹೇಳಿದ. ಭಾಗ್ಯಾ ಅಳುತ್ತಾಳೆಂದು ಸುನೀತಾ ಕಾದಳು. ಅಳಲಿಲ್ಲ. ಮೇಲೆ ಓಡುತ್ತಿದ್ದ ರೈಲನ್ನು ಒಂದು ಸುತ್ತು ಪೂರ್ತಿ ನೋಡಿದಳು. ಆಮೇಲೆ, “ಇರ್ಲಿ ಬಿಡ ಯವ್ವಾ” ಎಂದು ತಾನೇ ತಿರುಗಿ ನಡೆದಳು.

ಪುಟ್ಟ ಮಕ್ಕಳ ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಬಾತುಕೋಳಿಗಳಿದ್ದವು. ಭಾಗ್ಯಾ ಒಂದರ ಮೇಲೆ ಕುಳಿತಳು. ಮೊಣಕಾಲು ಗದ್ದಕ್ಕೆ ಬಂದವು. ಆಗಷ್ಟೇ ನಡೆಯಲು ಕಲಿತ ಕೂಸೊಂದು ಬಂದು ಅವಳ ಜಡೆ ಹಿಡಿದು ಎಳೆಯುತ್ತಿತ್ತು. ಇವಳು ಎಳೆಸಿಕೊಳ್ಳುತ್ತಾ ಕುಳಿತಿದ್ದಳು. ಬೈಯಬೇಕಾದದ್ದು ಅತ್ತೆಯನ್ನೋ ಬಾಯಿ ಹೊಲಿದುಕೊಂಡು ನಿಂತಿದ್ದ ತನ್ನನ್ನೋ ತಿಳಿಯದೆ ಸುನೀತಾ ಯಾರನ್ನೂ ಬೈಯಲಿಲ್ಲ.

ರಾಮವ್ವ ಮಾತ್ರ ಗೆದ್ದ ಗತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತು ಮಿರ್ಚಿ ಭಜಿ ತಿನ್ನುತ್ತಿದ್ದಳು. “ನಾಳೆ ಅಂದ್ರ ಇಲ್ಲೇ ಹೊಂದಿಕೊಂಡ ಬಿಡ್ತಾಳ ತಗೊ” ಎಂದಳು.

ಆಗಲೇ ಆ ಕೂಸಿನ ತಾಯಿ ಬಂದು ಭಾಗ್ಯಾಳ ಜಡೆ ಬಿಡಿಸಿದಳು. ಬಿಡಿಸುತ್ತಾ ಸುಮ್ಮನೆ ಕೇಳಿದಳು: “ಎಷ್ಟ ವರ್ಷ ಪುಟ್ಟಿ ನಿನಗ?”

ಅವಳು ಟಿಕೀಟಿನವಳಲ್ಲ, ಯಾರೂ ಅಲ್ಲ. ಲಾರಿ ಡ್ರೈವರಿಗೂ ವಯಸ್ಸು ಹೇಳುತ್ತಿದ್ದ ಹುಡುಗಿ ತಲೆ ತಗ್ಗಿಸಿ, ತುಟಿ ಬಿಚ್ಚಿಯೂ ಬಿಚ್ಚದ ಹಾಗೆ ಹೇಳಿದಳು:

“ನಾಕು ಮುಗದು ಐದರಾಗ ಬಿದ್ದಾವ್ರಿ.”

ರಾಮವ್ವನ ಕೈಯಲ್ಲಿದ್ದ ಭಜಿ ಬಾಯಿಯ ತನಕ ಹೋಗಲಿಲ್ಲ. ಹುಡುಗಿಯನ್ನು ನೋಡಿದಳು, ಬಾತುಕೋಳಿಯನ್ನು ನೋಡಿದಳು. ಇಷ್ಟು ವರ್ಷ ತಾನು ಎಷ್ಟೋ ಮಕ್ಕಳ ಬಾಯಿಂದ ಈ ಮಾತು ಆಡಿಸಿದ್ದಳು. ಬಸ್ಸಿಳಿದ ಕೂಡಲೇ ಅವು ಮತ್ತೆ ತಮ್ಮ ವಯಸ್ಸಿಗೆ ಮರಳಿ ಓಡಿಹೋಗುತ್ತಿದ್ದವು. ಇದು ಹೋಗಲಿಲ್ಲ. ಅವಳು ಭಜಿಯನ್ನು ಕಾಗದದ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

“ಏಳವ್ವ ಭಾಗ್ಯಾ. ಹೋಗೂಣು.”

“ಎಲ್ಲಿಗಿ?”

“ಕೌಂಟರಕ್ಕ.”

ಎತ್ತಿಕೊಳ್ಳಲಿಲ್ಲ, ಕೈ ಹಿಡಿದು ನಡೆಸಿಕೊಂಡು ಹೋದಳು. ಕೌಂಟರಿನ ಮುಂದೆ ಆಗ ಸಾಲು ಬೆಳೆದಿತ್ತು. ಬಾಗೇವಾಡಿ, ಇಂಡಿ ಕಡೆಯಿಂದ ಬಂದ ಮಂದಿ, ಅದರಲ್ಲಿ ಗುರುತಿನವರೂ ಒಬ್ಬಿಬ್ಬರು. ಸರದಿ ಬಂದಾಗ ಕಿಟಕಿಯ ಬಳಿ ರಾಮವ್ವ ಸಂಚಿ ಬಿಚ್ಚಿದಳು.

“ತಂಗಿ, ಈ ಹಳದಿ ಪಟ್ಟಿ ತಗದು ಹಸಿರು ಹಾಕ. ರೊಕ್ಕ ತೊಗೊ. ಹುಡುಗಿಗಿ ಏಳು ಅದಾವು.”

ಯಾಸ್ಮಿನ ನಕ್ಕಳು. ಕೆಟ್ಟ ನಗೆಯಲ್ಲ, ದಣಿದವರ ನಗೆ. “ಆಯಿ, ಆ ರೈಲಿಗಿ ಹತ್ತಿಸಾಕ ಸಣ್ಣ ಕೂಸಿನ ವಯಸ್ಸು ಏರಿಸಿ ಹೇಳೂರು ಭಾಳ ಮಂದಿ ಬರ್ತಾರ. ಬಿದ್ದು ಗಿದ್ದು ಏನರ ಆದ್ರ ನನ್ನ ನೌಕರಿ ಹೋಗ್ತೈತಿ. ಮುಂಜಾನೆ ನೀವ ಹೇಳೀರಿ, ಶ್ರಾವಣಕ್ಕ ನಾಕು ಮುಗದಾವು ಅಂತ.”

“ನಾ ತಾಯಿ ಅದೀನ್ರಿ. ಖರೇನ ಏಳು” ಎಂದಳು ಸುನೀತಾ.

“ಮುಂಜಾನೆನೂ ನೀವ ತಾಯಿ ಇದ್ರಿ ಅಕ್ಕಾ.”

ಯಾಸ್ಮಿನ ಕಿಟಕಿಯಿಂದ ಬಗ್ಗಿ, ಹುಡುಗಿಯನ್ನೇ ಕೇಳಿದಳು: “ಪುಟ್ಟಿ, ನೀ ಖರೇ ಹೇಳ. ಎಷ್ಟು ವರ್ಷ ನಿನಗ?”

ಈಗ ಹೇಳುತ್ತಾಳೆ ಎಂದು ಸುನೀತಾ ಮಗಳ ಕಡೆ ಬಗ್ಗಿದಳು. ಭಾಗ್ಯಾ ಅಜ್ಜಿಯ ಮುಖ ನೋಡಿದಳು, ಸಾಲಿನಲ್ಲಿ ನಿಂತ ಮಂದಿಯನ್ನು ನೋಡಿದಳು. ಕಣ್ಣು ತುಂಬಿಕೊಂಡವು. ಆ ರೈಲು ಕಾಣುವಷ್ಟು ಹತ್ತಿರವೇ ಓಡುತ್ತಿತ್ತು.

“ನಾಕು” ಎಂದಳು.

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುನೀತಾಳಿಗೆ ಒಮ್ಮೆಲೇ ಎಲ್ಲಾ ಅರ್ಥವಾಯಿತು. ಇಷ್ಟು ಮಂದಿಯಲ್ಲಿ ತನ್ನ ಆಯಿ ಸುಳ್ಳಿ ಆಗಬಾರದು ಎಂದು ಈ ಕೂಸು ತನ್ನ ಏಳೂ ವರ್ಷಗಳನ್ನು ಬಿಟ್ಟುಕೊಟ್ಟು ನಿಂತಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮುಂದೆ ಅವಳಿಗೆ ಕೈಮುಗಿಯಬೇಕು ಅನಿಸಿತು.

ರಾಮವ್ವನಿಗೂ ಅರ್ಥವಾಗಿತ್ತು. ಅವಳ ಬಲಗೈ ತಾನಾಗಿ ಹುಡುಗಿಯ ಗದ್ದಕ್ಕೆ ಹೋಯಿತು. ಹೆಬ್ಬೆರಳು ತುಟಿಯ ಅಂಚಿಗೆ ಬಂತು. ಬಾಯಿ ಬಿಡಿಸಿ ಬಿದ್ದ ಹಲ್ಲು ತೋರಿಸಿದರೆ ವಾದ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆರಳು ಅಲ್ಲೇ ನಿಂತಿತು. ಸಂತೆಯ ಮರಿಗೆ ಮಾಡುವುದನ್ನು ಮೊಮ್ಮಗಳಿಗೆ ಮಾಡಲು ಆ ಕೈ ಒಪ್ಪಲಿಲ್ಲ. ಅವಳು ಸೀರೆ ಸಾವರಿಸಿ, ಆ ಮಂದಿಯ ನಡುವೆ, ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಈಗ ಅವಳ ಮುಖ ಭಾಗ್ಯಾಳ ಮುಖಕ್ಕಿಂತ ಕೆಳಗಿತ್ತು.

“ಎಲ್ಲಾರೂ ಕೇಳ್ರಿ” ಎಂದಳು, ಕುರಿಗಳನ್ನು ಕರೆಯುವ ದನಿಯಲ್ಲಿ. “ಮುಂಜಾನೆ ಸುಳ್ಳು ಹೇಳಿದಾಕಿ ನಾನು. ಈಗೂ ಈ ಕೂಸು ನನ್ನ ಸಲುವಾಗಿ ಸುಳ್ಳು ಹೇಳಾಕತ್ತೈತಿ.” ಆಮೇಲೆ ದನಿ ತಗ್ಗಿಸಿ, “ಭಾಗ್ಯವ್ವ, ನಿಮ್ಮಾಯಿ ಸುಳ್ಳಿ ಆಗಿದ್ದು ಆಗಿ ಹೋತು. ನನಗ ಏನೂ ಆಗಿಲ್ಲ ನೋಡ, ಕುಂತೇನಿ. ನಿನ್ನ ವಯಸ್ಸು ನಿಂದು. ನಾ ಕಸಗೊಳ್ಳಾಕ ಬರೂದಿಲ್ಲ. ನೀ ಹೇಳ” ಎಂದಳು.

ಭಾಗ್ಯಾ ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಯಾಸ್ಮಿನಳ ಕಡೆ ತಿರುಗಿದಳು. ಬಾಯಿ ತುಂಬ ತೆರೆದು, ಹಲ್ಲಿನ ಸಂದಿ ಪೂರಾ ಕಾಣುವ ಹಾಗೆ ಹೇಳಿದಳು:

“ನಾ ಕಾಣಾಕ ಸಣ್ಣಾಕಿ ರೀ. ಏಳು ಅದಾವ ನನಗ.”

ಈ ಸಲ ಯಾರೂ ನಗಲಿಲ್ಲ. ಯಾಸ್ಮಿನ ಹುಡುಗಿಯನ್ನೂ ನೆಲದ ಮೇಲಿನ ಮುದುಕಿಯನ್ನೂ ನೋಡಿ, ಕತ್ತರಿ ತೆಗೆದು ಹಳದಿ ಪಟ್ಟಿ ಕತ್ತರಿಸಿದಳು. “ರೊಕ್ಕ ಇರ್ಲಿ ಬಿಡ್ರಿ ಆಯಿ, ನಾ ಹಂಗ ಬದಲಿ ಮಾಡಿ ಕೊಡ್ತೇನಿ” ಎಂದಳು.

“ಬ್ಯಾಡ” ಎಂದಳು ರಾಮವ್ವ, ಸುನೀತಾಳ ಕೈ ಹಿಡಿದು ಏಳುತ್ತಾ. “ಪೂರಾ ತೊಗೊ. ಏಳು ವರ್ಷದಾಕಿದು ಎಷ್ಟ ಐತಿ ಅಷ್ಟ.”

ಜೀವನದಲ್ಲಿ ಮೊದಲ ಸಲ ಅತ್ತೆ ಬಿಟ್ಟಿ ಬಂದದ್ದನ್ನು ದೂಡುವುದನ್ನು ಸುನೀತಾ ಕಂಡಳು. ಆ ಮುದುಕಿಯ ಮೇಲೆ ಅವಳಿಗೆ ಆಗ ಬಂದ ಪ್ರೀತಿ ಹೇಳಲಾಗದಷ್ಟಿತ್ತು.

ರೈಲಿಗೆ ಜೊತೆಗೆ ಯಾರು ಕೂರುವುದು ಎಂದು ಕೇಳಿದಾಗ ಭಾಗ್ಯಾ, “ಆಯಿ ಬರ್ಲಿ” ಅಂದಳು. ರಾಮವ್ವನಿಗೆ ಅಟ್ಟ ಏರಿದರೂ ತಲೆ ಸುತ್ತುತ್ತಿತ್ತು. ಅದನ್ನು ಯಾರಿಗೂ ಹೇಳದೆ ಕಚ್ಚೆ ಬಿಗಿದು, ದೇವರ ಹೆಸರು ಹೇಳಿ, ಕೆಂಪು ಡಬ್ಬಿಯೊಳಗೆ ಮೊದಲು ತಾನೇ ಹೋಗಿ ಕುಳಿತು ಎರಡೂ ಕೈಯಲ್ಲಿ ಸರಳು ಹಿಡಿದಳು. ಡಬ್ಬಿಯ ಮೆಟ್ಟಿಲು ಎತ್ತರದ್ದು. ಮೆಟ್ಟಿಲ ಬಳಿಯ ಹುಡುಗ ಭಾಗ್ಯಾಳ ಮುಂಗೈಯ ಹಸಿರು ಪಟ್ಟಿ ನೋಡಿ ನಕ್ಕು, ಅವಳನ್ನು ಎತ್ತಿ ಕೂರಿಸಲು ಎರಡೂ ಕೈ ಚಾಚಿದ.

“ಬಿಡಪಾ” ಎಂದಳು ರಾಮವ್ವ. “ಆಕಿ ತಾನ ಹತ್ತತಾಳ.”

ಹುಡುಗ ಕೈ ಹಿಂದೆ ತೆಗೆದುಕೊಂಡ. ಭಾಗ್ಯಾಳ ಕಾಲು ಒಮ್ಮೆ ಜಾರಿತು. ಕೆಳಗೆ ನಿಂತ ಸುನೀತಾ ಮುಂದೆ ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಭಾಗ್ಯಾ ಲಂಗ ಎತ್ತಿ ಹಿಡಿದು, ಮೊಣಕಾಲು ಊರಿ, ತಾನೇ ಹತ್ತಿ ಅಜ್ಜಿಯ ಪಕ್ಕದಲ್ಲಿ ಕುಳಿತಳು.