ಉಡಿ ತುಂಬಿದ ಮ್ಯಾಲ ಬಾಯಿ ಮುಚ್ಚಬೇಕೇನು?

ರೇಣುಕಾ ಆಗಿನ್ನೂ ಶಾಲೆಗೆ ಹೋಗುವ ಹುಡುಗಿ. ಓಣಿಯ ಹೆಣ್ಣುಮಗಳೊಬ್ಬಳನ್ನು ಅಳುತ್ತಿದ್ದರೂ ಬಿಡದೆ ಜೀಪಿಗೆ ಹತ್ತಿಸಿ ಗಂಡನ ಮನೆಗೆ ಕಳಿಸಿದ್ದನ್ನು ನೋಡಿ, ಹೆದರಿ ಅವ್ವನ ಸೆರಗು ಹಿಡಿದಳು. ಕನಕಮ್ಮ ಮಗಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಳು: "ನಿನಗ ಮನಸ್ಸಿಲ್ಲಂದ್ರ ನಿನ್ನ ಯಾವ ಮನಿಗೂ ಕಳಸಂಗಿಲ್ಲ, ಯವ್ವಾ."

ಆ ಮಾತಿಗೆ ಈ ವರ್ಷ ಪರೀಕ್ಷೆ ಬಂತು. ಮದುವೆಯಾಗಿ ಹೋಗಿದ್ದ ಮಗಳ ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಯಿತು. ಲಿಂಗಸೂಗೂರಿನ ಗಂಡನ ಮನೆಯಿಂದ ರೇಣುಕಾ ಮಸ್ಕಿ ಹತ್ತಿರದ ತವರಿಗೆ ಬಂದಳು. ಊಟವಿಲ್ಲ, ನಿದ್ದೆಯಿಲ್ಲ. ಡಾಕ್ಟರು ಸಿಂಧನೂರಿನ ಒಂದು ಕೌನ್ಸೆಲಿಂಗ್ ಕೇಂದ್ರಕ್ಕೆ ಕಳಿಸಿದರು. ಅಲ್ಲಿದ್ದ ಕಲ್ಯಾಣಮ್ಮ ಮೇಡಂ ಮೊದಲ ದಿನವೇ, "ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಂಗಿಲ್ಲ" ಎಂದರು.

ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ರೇಣುಕಾ ನಾಲ್ಕು ತುತ್ತು ಉಣ್ಣತೊಡಗಿದಳು. ಕನಕಮ್ಮನಿಗೆ ಹಿಗ್ಗೋ ಹಿಗ್ಗು. ಹಿಗ್ಗಿದರೆ ನಾವೇನು ಮಾಡ್ತೀವಿ? ಮೇಡಂ ಅವರನ್ನು ಮನೆಗೆ ಕರೆದಳು. ಹೋಳಿಗೆ ಬಡಿಸಿದಳು. ಕುಬ್ಬಸದ ಬಟ್ಟೆ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದಳು.

"ಇವತ್ತಿಂದ ನೀವು ನಮ್ಮನಿ ಹಿರೇಮಗಳು ನೋಡ್ರಿ."

ಮೇಡಂ ಬೇಡ ಅನ್ನಲಿಲ್ಲ. ಕೆಲಸ ಕೆಟ್ಟಿದ್ದೇ ಅಲ್ಲಿ.

ಹಿರೇಮಗಳು ಅಂದ ಮೇಲೆ ಅಡಿಗೆಮನೆಗೇ ಬಂದು ಕೂಡುವುದಾಯಿತು. ಒಂದಿನ ಚಹಾ ಕುಡಿಯುತ್ತ ಅಂದೇಬಿಟ್ಟರು: "ಅವ್ವಾ, ಸತ್ತ ಕೂಸಿನ ಮುಖ ನೀವು ನೋಡಗೊಡಲಿಲ್ಲಂತ ರೇಣುಕಾಗ ನಿಮ್ಮ ಮ್ಯಾಲ ಸಿಟ್ಟೈತಿ. ಗಂಡನ ಮನಿನೂ ಈಗ ಒಲ್ಲೆ ಅಂತಾಳ. ನೀವು ಕಳಿಸಿಬಿಡ್ರಿ, ಹೋದ್ರ ತಾನ ಹೊಂದ್ಕೊಂತಾಳ."

ಮೇಡಂ ಹೇಳಿದ್ದನ್ನೆಲ್ಲ ಮಗಳ ಮುಂದೆ ಆಡಿ, ಕನಕಮ್ಮ ಎದೆ ಬಡಿದುಕೊಂಡು ಅತ್ತಳು. ಬೀಗರಿಗೆ ಫೋನ್ ಹಚ್ಚಿ, "ಐತವಾರ ಬಂದು ಕರಕೊಂಡು ಹೋಗ್ರಿ" ಎಂದಳು. ಮಗಳ ಬಟ್ಟೆ ಬ್ಯಾಗಿಗೆ ತುಂಬಿದಳು. ರೇಣುಕಾ ಮತ್ತೆ ಊಟ ಬಿಟ್ಟಳು.

ಆಗ ಹಟ್ಟಿಯಿಂದ ತವರಿಗೆ ಬಂದಿದ್ದಳು ಅಸ್ಮಾ, ಪಕ್ಕದ ಮನೆಯ ಗೆಳತಿ. ಅವಳ ಗಂಡ ನಾಸೀರ್ ಚಿನ್ನದ ಗಣಿಯಲ್ಲಿ ಕೆಲಸಗಾರ. ಒಮ್ಮೆ ಕೆಳಗೆ ಕಲ್ಲು ಕುಸಿದ ಮೇಲೆ ಗಣಿ ಇಳಿಯಲು ಹೆದರಿ, ಅವನೂ ಕೌನ್ಸೆಲಿಂಗ್‌ಗೆ ಹೋಗಿದ್ದ. ರೇಣುಕಾ ಅಸ್ಮಾಳ ಮುಂದೆ ನಡೆದದ್ದನ್ನೆಲ್ಲ ತೋಡಿಕೊಂಡಳು.

"ಮೇಡಂಗ ಇದನ್ನ ಹೇಳಿಲ್ಲೇನ್ಬೇ?" ಎಂದಳು ಅಸ್ಮಾ.

"ಏನಂತ ಹೇಳ್ಲಿ? ಹೆಂಗ ಅನಸ್ತೈತಿ ಅಂತಾರ, ಚಲೋ ಐತ್ರಿ ಅಂತೀನಿ. ಇನ್ಮುಂದ ಹೋಗಂಗೇ ಇಲ್ಲ."

ಅಸ್ಮಾಗೆ ಸಿಟ್ಟು ನೆತ್ತಿಗೇರಿತು. "ಚಲೋ ಐತಂತ! ದರ್ಜಿ ಕುಬ್ಬಸ ಕೆಡಿಸಿದ್ರ ಸುಮ್ನಿರ್ತೀಯೇನು? ತೋಳಿನ ಹತ್ರ ಬಿಗಿಯಾತು, ಇಲ್ಲಿ ಬಿಚ್ಚು ಅಂತ ಬೊಟ್ಟು ಮಾಡಿ ತೋರಸ್ತಿ. ಕುಬ್ಬಸಕ್ಕಿರೋ ಕಿಮ್ಮತ್ತು ನಿನ್ನ ಮನಸ್ಸಿಗಿಲ್ಲೇನು?"

ಒಲೆ ಮುಂದಿದ್ದ ಕನಕಮ್ಮ ತಿರುಗಿಬಿದ್ದಳು. "ಏ ಅಸ್ಮಾ, ಉಡಿ ತುಂಬಿಸ್ಕೊಂಡೋರಿಗೆ ಎದುರಾಡಾಕ ಕಲಸ್ತೀಯೇನು? ನನ್ನ ಮಗಳ ಮಾತು ನನಗ ಹೇಳ್ಯಾರ. ನಾನೇನು ಹೊರಗಿನಾಕಿ?"

"ದೊಡ್ಡವ್ವಾ, ಹೊರಗಿನಾಕಿ ಅಲ್ಲ, ಹೆತ್ತಾಕಿ. ನಿನ್ನ ಕರುಳು ನೋಯಬಾರ್ದಂತನ ಅಕಿ ಬಸ್ ಹತ್ತಿ ಸಿಂಧನೂರಿಗೆ ಹೋಗಿ ಅತ್ತಾಳ. ನಾಸೀರ್‌ನ ಕೌನ್ಸೆಲರ್ ನಮ್ಮನಿ ಬಿರ್ಯಾನಿ ಸೈತ ಒಲ್ಲೆ ಅಂದ್ರು. ಎಷ್ಟ್ ಸೊಕ್ಕು ಅಂತ ನಾನೂ ಬೈದಿದ್ದೆ. 'ನಾ ನಿಮ್ಮನಿ ಮಂದಿ ಆದ್ರ ನಿನ್ನ ಗಂಡ ಯಾರ ಮುಂದ ಬಾಯಿ ಬಿಡಬೇಕವ್ವಾ?' ಅಂದ್ರು. ಜೀವಕ್ಕ ಅಪಾಯ ಇದ್ರ ಮಾತ್ರ ಮನಿಯವ್ರಿಗೆ ತಿಳಸ್ತೀವಿ ಅಂತ ಮೊದ್ಲ ಹೇಳಿದ್ರು. ಇಲ್ಲಿ ಅಂಥಾದ್ದೇನಿತ್ತು?"

ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು.

ಮರುದಿನ ಗೆಳತಿಯರಿಬ್ಬರೂ ಸಿಂಧನೂರಿಗೆ ಹೋದರು. ಅಸ್ಮಾ ಹೊರಗೇ ಕೂತಳು. ಒಳಗೆ ರೇಣುಕಾ ಬಾಯಿ ಬಿಟ್ಟಳು.

"ಮೇಡಂರೀ, ನನ್ನ ಕೂಸಿನ ಮಾತು ನಮ್ಮವ್ವನ ಮುಂದ ಹೇಳಿದ್ರಿ. ಅವತ್ತಿಂದ ಇಲ್ಲಿ ಬಾಯಿ ತೆರಿಯಾಕ ಆಗವಲ್ದು. ನನ್ನ ಕೇಳದ ಯಾರಿಗೂ ಹೇಳಬ್ಯಾಡ್ರಿ. ಮನಿಗೆ ಬರಬ್ಯಾಡ್ರಿ. ಹೋಗು, ಇರು ಅಂತ ನೀವು ತೀರ್ಪು ಕೊಡಬ್ಯಾಡ್ರಿ. ಮೊದ್ಲು ನೀವು ಸುಮ್ನ ಕೂತು ಕೇಳ್ತಿದ್ರಿ, ಅದು ನನಗ ಭಾಳ ಆಸರಾಗಿತ್ತು. ಅದನ್ನ ಮಾಡ್ರಿ."

ಮೇಡಂ ಮುಖ ಕೆಂಪಾಯಿತು. "ನಿನ್ನ ಒಳ್ಳೇದಕ್ಕ ಹೇಳಿದ್ದು."

"ನೀವು ಒಳ್ಳೇದಕ್ಕ ಹೇಳಿದ್ರಿ. ಮನ್ಯಾಗ ನನ್ನ ಬ್ಯಾಗ್ ತುಂಬೇತ್ರಿ."

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ, "ತಪ್ಪಾತು. ಉಡಿ ತುಂಬಾಕ ಬಂದಾಗನ ಬ್ಯಾಡ ಅನ್ನಬೇಕಿತ್ತು ನಾನು" ಎಂದರು.

ಮನೆಗೆ ಬಂದ ರೇಣುಕಾ ಅವ್ವನ ಎದುರು ಕೂತಳು. "ಅವ್ವಾ, ಸಿಟ್ಟೈತಿ ಖರೆ. ನಾನ ಹೇಳ್ತೀನಿ, ಕೇಳ್ತೀಯೇನು?" ಕನಕಮ್ಮ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ. ಕೇಳಿದ ಮೇಲೆ ಎದ್ದು, ಬ್ಯಾಗಿನ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿನ ನೋವು ಹೇಳಿಕೊಳ್ಳಲು ಹೋದವರು ಭಿಕ್ಷೆಗೆ ಹೋದವರಲ್ಲ. ಅಲ್ಲಿ ಸುಳ್ಳೇ "ಚಲೋ ಐತ್ರಿ" ಅನ್ನಬೇಡಿ. ಯಾವ ಮಾತು ನೋಯಿಸಿತು, ಯಾವುದು ಕೈ ಹಿಡಿಯಿತು, ಬಿಡಿಸಿ ಹೇಳಿ. ಹೇಳಿದರೂ ಕೇಳದಿದ್ದರೆ ಬೇರೆಯವರ ಹತ್ತಿರ ಹೋಗಿ. ಅದು ನಿಮ್ಮ ಹಕ್ಕು. ಇನ್ನು ಮನೆಯವರೇ, "ಒಳಗ ಏನ್ ಹೇಳಿದಿ?" ಎಂದು ಕೆದಕಬೇಡಿ. ಕೌನ್ಸೆಲರನ್ನು ಬೀಗರನ್ನಾಗಿ ಮಾಡಿಕೊಳ್ಳಬೇಡಿ. ನಿಮ್ಮ ಪ್ರೀತಿಯೇ ನೊಂದವರ ಬಾಯಿ ಮುಚ್ಚಿಸದಿರಲಿ.

ಐತವಾರ ಲಿಂಗಸೂಗೂರಿನಿಂದ ಜೀಪು ಬಂತು. ಕನಕಮ್ಮ ಬೀಗರಿಗೆ ಚಹಾ ಕೊಟ್ಟಳು. "ಅಕಿ ಬರ್ತೀನಿ ಅಂದ ದಿನ ನಾನ ಕರಕೊಂಡು ಬರ್ತೀನ್ರಿ" ಎಂದಳು. ಜೀಪು ಖಾಲಿ ಹೋಯಿತು. ಕೊಟ್ಟ ಮಾತು ಉಳಿಯಿತು.